ಲೋಟದಲ್ಲಿ ಸರಳು ಅದ್ದಿ ನೀರು ಕೆಡಿಸಿ ತೋರಿಸುವವರಿಗೆ ಮುಂಗಡ ಕೊಡಬೇಡಿ

ರಾಯಚೂರಿನ ನಮ್ಮ ಓಣಿಯಲ್ಲಿ ನೀರಿನ ಫಿಲ್ಟರ್ ಮಾರುವವರು ತಿರುಗುತ್ತಿದ್ದಾರೆ. ವಯಸ್ಸಾದವರಷ್ಟೇ ಮನೆಯಲ್ಲಿರುವ ಹೊತ್ತು ನೋಡಿ ಬರುತ್ತಾರೆ. ನಮ್ಮ ಅವ್ವನಿಂದ ಮೂರು ಸಾವಿರ ಇಸ್ಕೊಂಡು ಹೋಗಿದ್ದಾರೆ.

ಅವರ ಆಟ ಇಷ್ಟೇ. ಒಂದು ಲೋಟದಲ್ಲಿ ನಮ್ಮ ಬೋರಿನ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು. ಎರಡಕ್ಕೂ ಲೋಹದ ಸರಳು ಇಳಿಬಿಟ್ಟು ಕರೆಂಟ್ ಹಾಕುತ್ತಾರೆ. ನೋಡನೋಡುತ್ತಲೇ ಬೋರಿನ ನೀರು ಹಳದಿಯಾಗಿ, ಕಂದಾಗಿ, ಮೇಲೆ ಹಸಿರುಗಪ್ಪು ನೊರೆ ಕಟ್ಟುತ್ತದೆ. ಅವರದು ತಿಳಿಯಾಗಿಯೇ ಇರುತ್ತದೆ. “ನೋಡ್ರಿ ಅಮ್ಮಾರ, ಇದನ್ನ ದಿನಾ ಕುಡೀತೀರಿ. ಇದರಾಗ ಸೋಡಿಯಂ ಅದ, ಅದು ನೀರಿಗೆ ಬಿದ್ರ ಬೆಂಕಿ ಹತ್ತತದ” ಅಂದನಂತೆ.

ಆ ಹೊಲಸು ನೀರಿನದಲ್ಲ, ಅವನ ಕಬ್ಬಿಣದ ಸರಳಿನದು. ಕಬ್ಬಿಣದ ಪರಮಾಣುವಿನಲ್ಲಿ 26 ಪ್ರೋಟಾನ್, 26 ಎಲೆಕ್ಟ್ರಾನ್. ಲೆಕ್ಕ ಸರಿಸಮ, ವಿದ್ಯುದಾವೇಶ ಸೊನ್ನೆ. ಕರೆಂಟ್ ಹಾಕಿದಾಗ ಎರಡು ಎಲೆಕ್ಟ್ರಾನ್ ಕಳೆದುಕೊಂಡು ಅದು ಧನ ಅಯಾನು (ಆವೇಶ ಹೊತ್ತ ಕಣ) ಆಗುತ್ತದೆ, ಸರಳು ಬಿಟ್ಟು ನೀರಿಗಿಳಿಯುತ್ತದೆ, ಹೈಡ್ರಾಕ್ಸೈಡ್ ಆಗಿ ತುಕ್ಕಿನ ಬಣ್ಣದ ಗಸಿ ಕಟ್ಟುತ್ತದೆ. ನೀರಲ್ಲಿ ಕರೆಂಟ್ ಹರಿಯಲು ಅಯಾನುಗಳಿರಬೇಕು. ಬೋರಿನ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್ ಎಲ್ಲ ಧಾರಾಳ. ಆರ್‌ಒದಲ್ಲಿ ಅವು ಬಹುಪಾಲು ಹೋಗಿರುತ್ತವೆ. ಹಾಗಾಗಿ ಅದರಲ್ಲಿ ಸರಳು ಕರಗುವುದು ತೀರಾ ಕಡಿಮೆ.

ಇನ್ನು ಸೋಡಿಯಂ. ಬೆಂಕಿ ಹತ್ತುವುದು 11 ಎಲೆಕ್ಟ್ರಾನ್ ಇರುವ ಲೋಹಕ್ಕೆ. ನೀರಲ್ಲಿರುವುದು ಒಂದನ್ನು ಆಗಲೇ ಕಳೆದುಕೊಂಡ ಅಯಾನು. ಸಾರಿಗೆ ಹಾಕುವ ಉಪ್ಪಿನಲ್ಲಿರುವುದೂ ಅದೇ.

ಬಾಕಿ ದುಡ್ಡಿಗೆ ಅವನು ಬಂದಾಗ ನಾನಿದ್ದೆ. “ನಿನ್ನ ನೀರಿಗೆ ಚಿಟಿಕಿ ಉಪ್ಪು ಹಾಕಿ ತೋರ್ಸಪ್ಪ” ಅಂದೆ. ಅವನು ಬ್ಯಾಡ್ರಿ ಬ್ಯಾಡ್ರಿ ಅನ್ನುವಷ್ಟರಲ್ಲಿ ಅವ್ವ ಹಾಕೇಬಿಟ್ಟಳು. ಆರ್‌ಒ ನೀರೂ ಕೆಸರಾಯಿತು! ಸರಳು ಒರೆಸಿ ಬ್ಯಾಗಿಗಿಟ್ಟುಕೊಂಡು, “ಸರ್‌ನ್ನ ಕಳಿಸ್ತೀನ್ರಿ” ಅಂತ ಹೊರಟ. (ನೀವು ಮನೆಯ ಪ್ಲಗ್ಗಿಗೆ ತಂತಿ ಸಿಕ್ಕಿಸಿ ಇದನ್ನು ಮಾಡಲು ಹೋಗಬೇಡಿ, ಶಾಕ್ ಹೊಡೆಯುತ್ತದೆ.)

ಹಾಗಂತ ಫಿಲ್ಟರೇ ಬೇಡ ಅನ್ನುತ್ತಿಲ್ಲ. ನಮ್ಮ ಜಿಲ್ಲೆಯ, ಕೊಪ್ಪಳದ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ ಕೆಡುತ್ತದೆ. ಅದಕ್ಕೆ ಬಣ್ಣವಿಲ್ಲ, ಸರಳಿನ ಆಟದಲ್ಲಿ ಗೊತ್ತಾಗುವುದೂ ಇಲ್ಲ. ಟಿಡಿಎಸ್ ಮೀಟರ್ ಕೂಡ ಕರಗಿದ್ದರ ಒಟ್ಟು ಅಂದಾಜು ಕೊಡುತ್ತದೆ, ಯಾವ ಅಯಾನು ಎಷ್ಟಿದೆ ಅನ್ನುವುದನ್ನಲ್ಲ. ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ಯಂತ್ರ ತಗೊಳ್ಳಿ.

ಅವನು ಕೊಟ್ಟ ರಸೀದಿಯಲ್ಲಿ ವಿಳಾಸವಿಲ್ಲ, ಜಿಎಸ್‌ಟಿ ನಂಬರಿಲ್ಲ, ಫೋನ್ ಸ್ವಿಚ್ ಆಫ್. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಇದೇ ರೀತಿ ದುಡ್ಡು ಕೊಟ್ಟವರಿದ್ದರೆ ನೀವೂ ಕೊಡಿ.