ಸೆಗಾ ಡ್ರೀಮ್‌ಕಾಸ್ಟ್, ದೀರ್ಘ ಬಳಕೆಯ ವಿಮರ್ಶೆ: ಸೋತಿದ್ದು ಕಂಪನಿ, ಯಂತ್ರವಲ್ಲ

ಮಾರುಕಟ್ಟೆಯಲ್ಲಿ ಸೋತ ವಿಡಿಯೊ ಗೇಮ್ ಕನ್ಸೋಲ್‌ಗಳ ಮಾತು ಎದ್ದಾಗಲೆಲ್ಲ ಅವೇ ಹೆಸರುಗಳು ಬರುತ್ತವೆ: 3ಡಿಒ, ಅಟಾರಿ ಜಾಗ್ವಾರ್, ವರ್ಚುವಲ್ ಬಾಯ್, ಸೆಗಾ ಸ್ಯಾಟರ್ನ್, ಡ್ರೀಮ್‌ಕಾಸ್ಟ್. ಇವನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸಿ ವಾದ ಮಾಡುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ. 3ಡಿಒ 1993ರಲ್ಲಿ 699 ಡಾಲರ್‌ಗೆ ಬಂದು ಬೆಲೆಯಿಂದಲೇ ಸತ್ತಿತು. 1995ರ ವರ್ಚುವಲ್ ಬಾಯ್ ಕೆಂಪು ಬಣ್ಣ ಬಿಟ್ಟು ಬೇರೇನೂ ತೋರಿಸುತ್ತಿರಲಿಲ್ಲ. ಅಲ್ಲಿ ಯಂತ್ರವೇ ತಪ್ಪು. ಸ್ಯಾಟರ್ನ್‌ನಲ್ಲಿ ಎರಡು ಎಸ್‌ಎಚ್-2 ಪ್ರೊಸೆಸರ್, ಎರಡು ವಿಡಿಯೊ ಚಿಪ್. ತ್ರಿಕೋನದ ಬದಲು ಚತುರ್ಭುಜದ ಮೇಲೆ ನಿಂತ ಗ್ರಾಫಿಕ್ಸ್. ಅದನ್ನು ಪಳಗಿಸಲು ಹೊರಗಿನ ಸ್ಟುಡಿಯೊಗಳಿಗೆ ಪುರುಸೊತ್ತಿರಲಿಲ್ಲ. ಡ್ರೀಮ್‌ಕಾಸ್ಟ್‌ನದು ಬೇರೆ ಕತೆ. ಯಂತ್ರ ಸರಿಯಿತ್ತು, ಬೆಲೆ ಸರಿಯಿತ್ತು, ಆಟಗಳೂ ಇದ್ದವು. ಇಲ್ಲದಿದ್ದುದು ಸೆಗಾದ ಕೈಯಲ್ಲಿ ದುಡ್ಡು, ಮತ್ತು ಸೆಗಾದ ಮೇಲೆ ಅಂಗಡಿಯವರಿಗೂ ಗಿರಾಕಿಗಳಿಗೂ ನಂಬಿಕೆ.

ಡ್ರೀಮ್‌ಕಾಸ್ಟ್ ಬಿಡುಗಡೆಯಾದದ್ದು ಜಪಾನಿನಲ್ಲಿ 1998ರ ನವೆಂಬರ್ 27, ಅಮೆರಿಕದಲ್ಲಿ 1999ರ ಸೆಪ್ಟೆಂಬರ್ 9, ಯೂರೋಪಿನಲ್ಲಿ ಅದೇ ಅಕ್ಟೋಬರ್ 14. ಅಮೆರಿಕದ ಬೆಲೆ 199 ಡಾಲರ್. 2001ರ ಜನವರಿ ಕೊನೆಗೆ ಸೆಗಾ ಕೈಚೆಲ್ಲಿತು. ಆ ಮಾರ್ಚ್ 31ಕ್ಕೆ ತಯಾರಿಕೆ ನಿಂತಿತು. ಒಟ್ಟು ಮಾರಾಟ ಸುಮಾರು 91 ಲಕ್ಷ. ಪೈರಸಿಯೇ ಇದನ್ನು ಕೊಂದಿತು ಎನ್ನುವವರು ಈಗಲೂ ಇದ್ದಾರೆ. ಅದು ಅರ್ಧ ಸತ್ಯವೂ ಅಲ್ಲ. ಮಿಲ್-ಸಿಡಿ ಎಂಬ ಸಂಗೀತ ಡಿಸ್ಕ್‌ಗಳಿಗಾಗಿ ಇಟ್ಟಿದ್ದ ಕಿಂಡಿಯಿಂದ ನಕಲು ಆಟ ಬರೆದ ಸಾಮಾನ್ಯ ಸಿಡಿ-ಆರ್‌ಗಳು ಓಡತೊಡಗಿದ್ದು 2000ರಲ್ಲಿ, ನಿಜ. ಆದರೆ ಅಷ್ಟರಲ್ಲಿ ಜಪಾನಿನಲ್ಲಿ ಸೋನಿಯ ಪ್ಲೇಸ್ಟೇಷನ್ 2 (ಪಿಎಸ್2) ಬಂದಾಗಿತ್ತು, ಅದೇ ಪೆಟ್ಟಿಗೆಯಲ್ಲಿ ಡಿವಿಡಿಯೂ ಓಡುತ್ತಿತ್ತು, ದೊಡ್ಡ ಆಟದ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ಒಂದೇ ಒಂದು ಆಟವನ್ನೂ ಡ್ರೀಮ್‌ಕಾಸ್ಟ್‌ಗೆ ಮಾಡಿರಲಿಲ್ಲ. ತನ್ನ ಹಿಂದಿನ ಯಂತ್ರಗಳಾದ 32ಎಕ್ಸ್, ಸ್ಯಾಟರ್ನ್ ಎರಡನ್ನೂ ಸೆಗಾ ನಡುನೀರಿನಲ್ಲಿ ಬಿಟ್ಟಿದ್ದನ್ನು ಕೊಂಡವರು ಮರೆತಿರಲಿಲ್ಲ.

ಇನ್ನು ಯಂತ್ರಕ್ಕೆ ಬರೋಣ. ಹಿಟಾಚಿ ಎಸ್‌ಎಚ್-4 ಪ್ರೊಸೆಸರ್ 200 ಮೆಗಾಹರ್ಟ್ಸ್, ಪವರ್‌ವಿಆರ್2 ಗ್ರಾಫಿಕ್ಸ್ ಚಿಪ್ 100 ಮೆಗಾಹರ್ಟ್ಸ್, ಮುಖ್ಯ ಮೆಮೊರಿ 16 ಎಂಬಿ, ವಿಡಿಯೊಗೆ 8 ಎಂಬಿ, ಧ್ವನಿಗೆ 2 ಎಂಬಿ. ಸಂಖ್ಯೆ ನೋಡಿದರೆ ಪಿಎಸ್2 ಮುಂದಿದೆ. ಪರದೆಯ ಮೇಲೆ ನೋಡಿದರೆ ಲೆಕ್ಕ ಬೇರೆ. ಪವರ್‌ವಿಆರ್ ಪರದೆಯನ್ನು ಸಣ್ಣ ಚೌಕಗಳಾಗಿ ಒಡೆದು, ಎದುರಿಗೆ ಕಾಣುವ ಮೇಲ್ಮೈಗೆ ಮಾತ್ರ ಬಣ್ಣ ಬಳಿಯುತ್ತದೆ. ಹಿಂದೆ ಮರೆಯಾದದ್ದಕ್ಕೆ ಶ್ರಮ ಪಡುವುದಿಲ್ಲ. ಪಾರದರ್ಶಕ ಮೇಲ್ಮೈಗಳನ್ನು ಹಿಂದುಮುಂದು ಜೋಡಿಸುವ ಕೆಲಸವೂ ಚಿಪ್ಪಿನದೇ. ಟೆಕ್ಸ್ಚರ್‌ಗಳನ್ನು (ಮೇಲ್ಮೈಗಳಿಗೆ ಹೊದಿಸುವ ಚಿತ್ರಗಳನ್ನು) ಒತ್ತಿ ಕುಗ್ಗಿಸಿಟ್ಟುಕೊಳ್ಳುವ ಸೌಲಭ್ಯ ಇರುವುದರಿಂದ 8 ಎಂಬಿ ಅಂದುಕೊಂಡಷ್ಟು ಇಕ್ಕಟ್ಟಲ್ಲ. ಸೋಲ್‌ಕ್ಯಾಲಿಬರ್ ಆಟವನ್ನು ಮೊದಲ ಅಲೆಯ ಪಿಎಸ್2 ಆಟಗಳ ಪಕ್ಕ ಇಟ್ಟು ನೋಡಿ, ಅಂಚುಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಆದರೆ ಅದನ್ನು ನೋಡಬೇಕಾದ ರೀತಿಯಲ್ಲಿ ನೋಡಬೇಕು. ಹಳದಿ ಪಿನ್ನಿನ ಕಾಂಪೊಸಿಟ್ ಕೇಬಲ್ ಹಾಕಿ ಎಲ್‌ಇಡಿ ಟಿವಿಗೆ ಜೋಡಿಸಿ, ಚಿತ್ರ ಮಂಜು ಮಂಜು ಎಂದು ದೂರುವವರೇ ಹೆಚ್ಚು. ಡ್ರೀಮ್‌ಕಾಸ್ಟ್‌ನ ದೊಡ್ಡ ಶಕ್ತಿ ವಿಜಿಎ, ಅಂದರೆ ಕಂಪ್ಯೂಟರ್ ಮಾನಿಟರ್‌ನ ಸಂಪರ್ಕ: 640×480, ಪ್ರೊಗ್ರೆಸಿವ್ (ಪ್ರತಿ ಸಲವೂ ಚಿತ್ರದ ಎಲ್ಲ ಗೆರೆಗಳು), 31 ಕಿಲೊಹರ್ಟ್ಸ್. ಯಂತ್ರದಲ್ಲಿ ಏನನ್ನೂ ಬಿಚ್ಚಬೇಕಿಲ್ಲ. ಹಿಂದಿನ ಎವಿ ಪೋರ್ಟ್‌ಗೆ ಯಾವ ಕೇಬಲ್ ಸಿಕ್ಕಿಸಿದೆ ಎಂದು ಅದೇ ಗುರುತಿಸಿಕೊಳ್ಳುತ್ತದೆ. ಹಳೆಯ ಸಿಆರ್‌ಟಿ ಕಂಪ್ಯೂಟರ್ ಮಾನಿಟರ್ ಗುಜರಿಯಲ್ಲಿ ಸಿಕ್ಕಿದರೆ ಬಿಡಬೇಡಿ, ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಹೊಸ ಟಿವಿಯಾದರೆ ವಿಜಿಎಯಿಂದ ಎಚ್‌ಡಿಎಂಐ ಮಾಡುವ ಪರಿವರ್ತಕ ಸಾಕು. ಪೆಟ್ಟಿಗೆ ಬಿಚ್ಚಿ ಒಳಗೆ ಬೆಸೆಯುವ ಡಿಜಿಟಲ್ ಎಚ್‌ಡಿಎಂಐ ಬೋರ್ಡ್‌ಗಳು ಇನ್ನೂ ಚೊಕ್ಕಟ, ಆದರೆ ಅತಿ ಸಣ್ಣ ಪಿನ್‌ಗಳ ಮೇಲೆ ಬೆಸುಗೆ ಹಾಕುವ ಕೈ ಬೇಕು. ಕೆಲವು ಆಟಗಳು ವಿಜಿಎ ಕೇಬಲ್ ಕಂಡರೆ ಶುರುವಾಗಲು ಒಪ್ಪುವುದಿಲ್ಲ. ಅವುಗಳಲ್ಲಿ ಹಲವು ಸಾಮಾನ್ಯ ಕೇಬಲ್ ಇದೆಯೆಂದು ನಂಬಿಸಿ ಶುರು ಮಾಡಿ, ನಂತರ ವಿಜಿಎಗೆ ಬದಲಿಸಿದರೆ ಓಡುತ್ತವೆ. ಸ್ವಿಚ್ ಇರುವ ವಿಜಿಎ ಬಾಕ್ಸ್ ತೆಗೆದುಕೊಳ್ಳಿ ಎನ್ನುವುದು ಇದಕ್ಕೇ.

ನಮ್ಮ ಕಡೆ ಕೊಳ್ಳುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವೋಲ್ಟೇಜ್. ಪವರ್ ಸಪ್ಲೈ ಯಂತ್ರದ ಒಳಗೇ ಇದೆ, ಹೊರಗೆ ಅಡಾಪ್ಟರ್ ಇಲ್ಲ. ಜಪಾನಿನ ಯಂತ್ರ 100 ವೋಲ್ಟ್, ಅಮೆರಿಕದ್ದು 120. ಎರಡಕ್ಕೂ ಬರುವ ಕೇಬಲ್ ನಾವು ಟೇಪ್ ರೆಕಾರ್ಡರ್‌ಗೆ ಹಾಕುತ್ತಿದ್ದ ಅದೇ ಎಂಟರಾಕಾರದ್ದು. ಹಾಗಾಗಿ ಮನೆಯ ಕೇಬಲ್ ಸಲೀಸಾಗಿ ಕೂರುತ್ತದೆ, 230 ವೋಲ್ಟ್ ಒಳನುಗ್ಗಿ ಸಪ್ಲೈ ಸುಡುತ್ತದೆ. ಅಮೆರಿಕದಿಂದ ನೆಂಟರ ಸೂಟ್‌ಕೇಸಿನಲ್ಲಿ ಬಂದ ಯಂತ್ರವಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಲೇಬೇಡಿ. ಶಾಶ್ವತ ಪರಿಹಾರ ಬೇಕೆಂದರೆ ಯೂರೋಪಿನ ಯಂತ್ರದ ಸಪ್ಲೈ ತಂದು ಬದಲಿಸಬಹುದು, ಅದೇ ಆರು ಪಿನ್ನಿನ ಮೇಲೆ ಹಾಗೆಯೇ ಕೂರುತ್ತದೆ. ಅಥವಾ ಹೊರಗಿನ 12 ವೋಲ್ಟ್ ಅಡಾಪ್ಟರ್‌ನಿಂದ ನಡೆಯುವ ಹೊಸ ಸಪ್ಲೈ ಬೋರ್ಡ್ ಹಾಕಬಹುದು. ಎರಡನೆಯದೇ ವಾಸಿ: ಬಿಸಿ ಕಡಿಮೆ, 230 ವೋಲ್ಟ್ ಪೆಟ್ಟಿಗೆಯ ಹೊರಗೇ ಉಳಿಯುತ್ತದೆ.

ಈ ಯಂತ್ರದ ಅತಿ ಪ್ರಸಿದ್ಧ ಕಾಯಿಲೆಯ ಮೂಲವೂ ಆ ಆರು ಪಿನ್ನುಗಳೇ. ಆಟದ ನಡುವೆ ತನ್ನಷ್ಟಕ್ಕೇ ರೀಸೆಟ್ ಆಗುವುದು, ಸುರುಳಿ ಲಾಂಛನ ಮತ್ತೆ ಬರುವುದು. ಲೇಸರ್ ಹೋಯಿತೆಂದು ಬಹಳ ಜನ ಡ್ರೈವ್ ಬದಲಿಸಿ ದುಡ್ಡು ಕಳೆಯುತ್ತಾರೆ. ಸಪ್ಲೈ ಬೋರ್ಡ್ ಮುಖ್ಯ ಬೋರ್ಡಿನ ಪಿನ್ನುಗಳ ಮೇಲೆ ಬರೀ ಒತ್ತಿಕೊಂಡು ಕೂತಿರುತ್ತದೆ. ವರ್ಷಗಳಲ್ಲಿ ಪಿನ್ನುಗಳ ಮೇಲೆ ತುಕ್ಕಿನ ಪದರ ಕಟ್ಟಿ, ಕ್ಷಣಮಾತ್ರ ವೋಲ್ಟೇಜ್ ಕುಸಿದರೂ ಯಂತ್ರ ರೀಸೆಟ್ ಆಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಬೇಗ ಬರುವ ಕಾಯಿಲೆ.

ರಿಪೇರಿ ಸುಲಭ. ಪ್ಲಗ್ ಕಿತ್ತು ಪವರ್ ಬಟನ್ ಒತ್ತಿ, ಕೆಲವು ನಿಮಿಷ ಬಿಡಿ. ಸಪ್ಲೈನ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಹಾಗಾಗಿ ಆ ಬೋರ್ಡಿನ ಅಡಿಭಾಗವನ್ನು ಬೆರಳಿನಿಂದ ಮುಟ್ಟಬೇಡಿ. ಪಕ್ಕದ ಮೋಡೆಮ್ ಎಳೆದು ತೆಗೆಯಿರಿ. ತಳದಲ್ಲಿ ನಾಲ್ಕು ಸ್ಕ್ರೂ, ಅದರಲ್ಲಿ ಒಂದು ಮೋಡೆಮ್‌ನ ಅಡಿ ಅಡಗಿದೆ. ಅದನ್ನು ಮರೆತು ಮುಚ್ಚಳ ಎಬ್ಬಿಸಿ ಪ್ಲಾಸ್ಟಿಕ್ ಸೀಳಿದ ಯಂತ್ರಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಸಪ್ಲೈನ ಸ್ಕ್ರೂ ಬಿಚ್ಚಿ ನೇರ ಮೇಲಕ್ಕೆ ಎತ್ತಿ. ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಚೆನ್ನಾಗಿ ಉಜ್ಜಿ, ಒಂದೊಂದನ್ನೂ ಕೂದಲೆಳೆಯಷ್ಟು ಒಂದು ಬದಿಗೆ ಬಗ್ಗಿಸಿ, ಹಿಡಿತ ಬಿಗಿಯಾಗಲಿ. ಮರಳು ಕಾಗದ ಬೇಡ, ಮೇಲಿನ ಲೇಪನ ಹೋದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಬೆಸುಗೆ ಬಲ್ಲವರು ಪಿನ್ನಿಗೆ ತೆಳುವಾಗಿ ಹೊಸ ಸೀಸ ಹಚ್ಚಿದರೆ ಬಹುಕಾಲ ಮತ್ತೆ ಬಿಚ್ಚುವ ಕೆಲಸವಿಲ್ಲ.

ಬಿಚ್ಚಿದಾಗಲೇ ಮುಂಭಾಗದ ಕಂಟ್ರೋಲರ್ ಬೋರ್ಡ್ ನೋಡಿ. ಅಲ್ಲಿರುವ ಬೆಸೆದ ಬ್ಯಾಟರಿ ಬಹುತೇಕ ಯಂತ್ರಗಳಲ್ಲಿ ಈಗ ಸತ್ತಿದೆ. ಪ್ರತಿ ಸಲ ಆನ್ ಮಾಡಿದಾಗ ದಿನಾಂಕ ಕೇಳುವುದು ಅದಕ್ಕೆ. ಸೇವ್‌ಗಳಿಗೆ ಇದರಿಂದ ಏನೂ ಆಗುವುದಿಲ್ಲ, ಅವು ಕಂಟ್ರೋಲರ್‌ಗೆ ಸಿಕ್ಕಿಸುವ ಮೆಮೊರಿ ಕಾರ್ಡಾದ ವಿಎಂಯುನ ಫ್ಲ್ಯಾಶ್ ಮೆಮೊರಿಯಲ್ಲಿರುತ್ತವೆ. ಸ್ಯಾಟರ್ನ್‌ನಲ್ಲಿ ಹಾಗಲ್ಲ, ಅಲ್ಲಿ ಒಳಗಿನ ಬ್ಯಾಟರಿ ಸತ್ತರೆ ಒಳಗಿನ ಸೇವ್‌ಗಳೂ ಹೋಗುತ್ತವೆ. ಬದಲಿಸುವಾಗ ಹೋಲ್ಡರ್ ಬೆಸೆದು ರೀಚಾರ್ಜ್ ಆಗುವ ಎಂಎಲ್2032 ಹಾಕಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸಿಆರ್2032 ಬೇಡ. ಬೋರ್ಡ್ ಅದನ್ನೂ ಚಾರ್ಜ್ ಮಾಡಲು ಹೋಗುತ್ತದೆ, ಸೆಲ್ ಉಬ್ಬಿ ಸೋರುತ್ತದೆ. ಸಿಆರ್ ಬಿಟ್ಟು ಬೇರೆ ಸಿಗುತ್ತಿಲ್ಲವೆಂದರೆ ಚಾರ್ಜ್ ತಡೆಯಲು ಡಯೋಡ್ ಹಾಕಲೇಬೇಕು.

ಅದೇ ಬೋರ್ಡಿನಲ್ಲಿ ಎಫ್1 ಎಂದು ಗುರುತಿರುವ ಫ್ಯೂಸ್ ಇದೆ. ನಾಲ್ಕೂ ಪೋರ್ಟ್ ಒಟ್ಟಿಗೆ ಸತ್ತಿದ್ದರೆ ಮೊದಲ ಅನುಮಾನ ಅದರ ಮೇಲೆ. ಯಂತ್ರ ಓಡುತ್ತಿರುವಾಗ ಕಂಟ್ರೋಲರ್ ಕಿತ್ತು ಸಿಕ್ಕಿಸುವುದು, ಕೇಬಲ್ ಒಳಗೇ ತುಂಡಾದ ಕಂಟ್ರೋಲರ್ ಬಳಸುವುದು ಇದಕ್ಕೆ ದಾರಿ. ಮಲ್ಟಿಮೀಟರ್ ಹಿಡಿದು ನೋಡಿ, ಹೋಗಿದ್ದರೆ ತಾನಾಗಿ ಚೇತರಿಸಿಕೊಳ್ಳುವ ಪಿಟಿಸಿ ಫ್ಯೂಸ್ ಹಾಕಿ. ತಂತಿ ತುಂಡಿನಿಂದ ಬೆಸೆದು ಮುಗಿಸುವ ಜುಗಾಡ್ ಮಾಡಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ಬೋರ್ಡ್.

ಜಿಡಿ-ರಾಮ್ ಡ್ರೈವ್ ಬಗ್ಗೆ ಭಾವುಕರಾಗಬೇಡಿ. ಸುಮಾರು 1 ಜಿಬಿ ಹಿಡಿಸುವ ಡಿಸ್ಕ್, ಓದುವಾಗ ಕಿರಗುಟ್ಟುವ ಸದ್ದು ಹುಟ್ಟುಗುಣ. ಓದಲು ತಡವರಿಸಿದರೆ ಮೊದಲು ಲೆನ್ಸ್ ಒರೆಸಿ, ಹಳಿಗಳಿಗೆ ಹೊಸ ಗ್ರೀಸ್ ಹಚ್ಚಿ. ಲೇಸರ್‌ನ ಪೊಟೆನ್ಶಿಯೋಮೀಟರ್ (ಅದರ ಶಕ್ತಿ ಹೊಂದಿಸುವ ತಿರುಪು) ತಿರುಗಿಸುವುದು ಕೊನೆಯ ಉಪಾಯ. ಅದು ಮುದುಕನಿಗೆ ಕಾಫಿ ಕುಡಿಸಿ ಓಡಿಸಿದ ಹಾಗೆ: ಕೆಲವು ಕಾಲ ಚುರುಕು, ಆಮೇಲೆ ಪೂರ್ತಿ ನಿಲುಗಡೆ.

ಡ್ರೈವ್ ತೆಗೆದು ಎಸ್‌ಡಿ ಕಾರ್ಡ್ ಓದುವ ಜಿಡಿಎಮು ಬೋರ್ಡ್ ಹಾಕುವುದು ಈಗ ಸಾಮಾನ್ಯ. ಮೂರು ಸ್ಕ್ರೂ ಬಿಚ್ಚಿ, ಡ್ರೈವ್ ನೇರ ಮೇಲೆತ್ತಿ, ಅದೇ ಕನೆಕ್ಟರ್‌ಗೆ ಒತ್ತಿದರೆ ಮುಗಿಯಿತು, ಬೆಸುಗೆ ಇಲ್ಲ. ಆದರೆ ಇದು ವಿಎ1 ಎಂಬ ಆವೃತ್ತಿಯ ಮುಖ್ಯ ಬೋರ್ಡಿಗೆ ಮಾತ್ರ. ಯಂತ್ರದ ತಳದ ಸ್ಟಿಕ್ಕರ್‌ನಲ್ಲಿ ವೃತ್ತದೊಳಗೆ ಒಂದು ಅಂಕಿ ಇರುತ್ತದೆ: 0, 1 ಅಥವಾ 2. 1 ಇರುವುದನ್ನೇ ಹುಡುಕಿ. 2 ಇರುವವು ಕೊನೆಯ ಕಾಲದವು, ಅವುಗಳಲ್ಲಿ ಸಾಮಾನ್ಯವಾಗಿ ಮಿಲ್-ಸಿಡಿ ಕಿಂಡಿಯನ್ನೂ ಮುಚ್ಚಿರುತ್ತಾರೆ. ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಬೇಕು. 64 ಜಿಬಿ ಮತ್ತು ದೊಡ್ಡವು ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಹಾಗೇ ಹಾಕಿದರೆ ಏನೂ ಕಾಣುವುದಿಲ್ಲ. 01 ಫೋಲ್ಡರ್‌ನಲ್ಲಿ ಮೆನು, 02ರಿಂದ ಆಟಗಳು, ಒಂದು ಫೋಲ್ಡರ್‌ಗೆ ಒಂದೇ ಡಿಸ್ಕ್. ನಿಮ್ಮ ಡಿಸ್ಕ್‌ಗಳ ಪೂರ್ತಿ ಪ್ರತಿ ತೆಗೆದರೆ 128 ಜಿಬಿಗೆ ಹತ್ತಿರ ಹತ್ತಿರ ನೂರು ಹಿಡಿಯುತ್ತವೆ.

ಇಲ್ಲೊಂದು ತೊಡಕಿದೆ, ಮಾರುವವರು ಹೇಳುವುದಿಲ್ಲ. 12 ವೋಲ್ಟ್ ಸಾಲನ್ನು ಬಳಸುತ್ತಿದ್ದುದು ಡ್ರೈವ್. ಅದು ಹೋದ ಮೇಲೆ ಆ ಸಾಲಿಗೆ ಕೆಲಸವಿಲ್ಲ, ಹಳೆಯ ಸಪ್ಲೈ ಬೇಕಾದ್ದಕ್ಕಿಂತ ಬಿಸಿಯಾಗುತ್ತದೆ ಎಂಬ ದೂರು ವ್ಯಾಪಕ. ಕೆಲವರು 12 ವೋಲ್ಟ್ ಮತ್ತು ಗ್ರೌಂಡ್ ಸಾಲಿನ ನಡುವೆ ರೆಸಿಸ್ಟರ್ ಕಟ್ಟಿ ಸುಳ್ಳು ಹೊರೆ ಕೊಡುತ್ತಾರೆ. ಬೇಡದ ಬಿಸಿ ತಪ್ಪಿಸಲು ಪೆಟ್ಟಿಗೆಯೊಳಗೆ ಇನ್ನೊಂದು ಬಿಸಿ ವಸ್ತು ಕೂರಿಸುವ ಈ ತರ್ಕ ನನಗೆ ಹಿಡಿಸುವುದಿಲ್ಲ. ಜಿಡಿಎಮು ಹಾಕುವುದೇ ಆದರೆ ಸಪ್ಲೈಯನ್ನೂ ಜೊತೆಗೇ ಬದಲಿಸಿ.

ಕಂಟ್ರೋಲರ್ ಬಗ್ಗೆ ಅಭಿಪ್ರಾಯ ಎರಡು ತುಂಡು. ಕೈಗೆ ದಪ್ಪ, ಕೇಬಲ್ ಕೆಳಗಿನಿಂದ ಹೊರಡುತ್ತದೆ, ಬಲಗಡೆ ಎರಡನೇ ಸ್ಟಿಕ್ ಇಲ್ಲ. ಆ ಕೊನೆಯ ಕೊರತೆ ನಿಜಕ್ಕೂ ದೊಡ್ಡದು. ಶೂಟಿಂಗ್ ಆಟಗಳಲ್ಲಿ ಕೈಕಟ್ಟಿದ ಹಾಗಾಗುತ್ತದೆ. ಕ್ವೇಕ್ 3 ಆಡಬೇಕೆಂದರೆ ಡ್ರೀಮ್‌ಕಾಸ್ಟ್ ಕೀಬೋರ್ಡ್, ಮೌಸ್ ಹಾಕಿಯೇ ಆಡಿ. ಆದರೆ ಒಳಗೆ ಬಿಚ್ಚಿ ನೋಡಿದರೆ ಗೌರವ ಬರುತ್ತದೆ: ಸ್ಟಿಕ್, ಟ್ರಿಗರ್ ಎರಡೂ ಅಯಸ್ಕಾಂತ ಮತ್ತು ಅದರ ಚಲನೆಯನ್ನು ಮುಟ್ಟದೆಯೇ ಗುರುತಿಸುವ ಹಾಲ್ ಸೆನ್ಸರ್ ಮೇಲೆ ನಡೆಯುತ್ತವೆ. ಉಜ್ಜಿ ಸವೆಯುವ ಪಟ್ಟಿಯೇ ಇಲ್ಲದ್ದರಿಂದ ಇವತ್ತಿನ ಕಂಟ್ರೋಲರ್‌ಗಳ ಡ್ರಿಫ್ಟ್ ರೋಗ (ಸ್ಟಿಕ್ ಮುಟ್ಟದಿದ್ದರೂ ಆಟದಲ್ಲಿ ಸರಿದಾಡುವುದು) ಇದಕ್ಕಿಲ್ಲ.

ವಿಎಂಯು ಮುದ್ದಾದ ತಲೆನೋವು. 48×32 ಚುಕ್ಕೆಯ ಪರದೆ, ಬಳಕೆಗೆ 200 ಬ್ಲಾಕ್, ಎರಡು ಸಿಆರ್2032. ಆ ಸೆಲ್‌ಗಳು ಬೇಗ ಖಾಲಿಯಾಗುತ್ತವೆ, ಆಮೇಲೆ ಯಂತ್ರ ಆನ್ ಮಾಡಿದಾಗಲೆಲ್ಲ ಕೀರಲು ಬೀಪ್. ಸೆಲ್ ಇಲ್ಲದೆಯೂ ಸೇವ್ ಕೆಲಸ ಮಾಡುತ್ತದೆ; ಸೋರುವ ಸೆಲ್ ಒಳಗಿಡುವುದಕ್ಕಿಂತ ಬೀಪ್ ಕೇಳುವುದು ಲೇಸು.

ಆನ್‌ಲೈನ್ ಆಟ ಇನ್ನೂ ಜೀವಂತವಾಗಿದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಯುಎಸ್‌ಬಿ ಮೋಡೆಮ್, ಒಂದು ಫೋನ್ ತಂತಿ, ಡ್ರೀಮ್‌ಪೈ ಸಾಫ್ಟ್‌ವೇರ್: ಡ್ರೀಮ್‌ಕಾಸ್ಟ್‌ನ ಮೋಡೆಮ್ ಪೈಗೆ ಕರೆ ಮಾಡುತ್ತದೆ, ಪೈ ಮನೆಯ ಬ್ರಾಡ್‌ಬ್ಯಾಂಡ್‌ಗೆ ಸೇರಿಸುತ್ತದೆ. ಲ್ಯಾಂಡ್‌ಲೈನ್ ಬೇಕಿಲ್ಲ. ತಂತಿಯಲ್ಲಿ ಫೋನ್ ಲೈನಿನ ವೋಲ್ಟೇಜ್ ಇಲ್ಲದಿದ್ದರೆ ಸಂಪರ್ಕ ಕೈಕೊಡುವುದುಂಟು. ನಡುವೆ ಆ ವೋಲ್ಟೇಜ್ ಕೊಡುವ ಸಣ್ಣ ಸರ್ಕಿಟ್ ಸೇರಿಸಬೇಕಾಗುತ್ತದೆ. ಫ್ಯಾಂಟಸಿ ಸ್ಟಾರ್ ಆನ್‌ಲೈನ್‌ಗೆ ಅಭಿಮಾನಿಗಳ ಸರ್ವರ್‌ಗಳಿವೆ. ಮೋಡೆಮ್ ಕಾಲಕ್ಕೆಂದೇ ಮಾಡಿದ ಆಟವಾದ್ದರಿಂದ ದೂರದ ಸರ್ವರ್‌ನ ವಿಳಂಬ ಅಷ್ಟಾಗಿ ಕಾಡುವುದಿಲ್ಲ. ಕ್ವೇಕ್‌ನಲ್ಲಿ ಮಾತ್ರ ಆ ವಿಳಂಬಕ್ಕೆ ಕ್ಷಮೆಯಿಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮಾರುವವರಿಂದ ಮೂರು ವಿಷಯ ತರಿಸಿಕೊಳ್ಳಿ: ತಳದ ಸ್ಟಿಕ್ಕರ್‌ನ ಸ್ಪಷ್ಟ ಫೋಟೊ, ನಾಲ್ಕೂ ಪೋರ್ಟ್‌ನಲ್ಲಿ ಕಂಟ್ರೋಲರ್ ಓಡುತ್ತಿರುವ ವಿಡಿಯೊ, ಒಂದೇ ಆಟ ಅರ್ಧ ಗಂಟೆ ನಿಲ್ಲದೆ ನಡೆದ ಪುರಾವೆ. ಬರೀ ಮೆನು ತೋರಿಸುವ ವಿಡಿಯೊ ಕಳಿಸಿದರೆ ರೀಸೆಟ್ ಕಾಯಿಲೆ ಇದೆಯೆಂದೇ ಹಿಡಿದು ಬೆಲೆ ಮಾತಾಡಿ.