ಸ್ವಸಮ್ಮೋಹನದ ಆಡಿಯೊ: 8 ತಿಂಗಳು ಬಳಸಿದ ಮೇಲೆ

ಅಂಕ ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ವಸಮ್ಮೋಹನ ಎಂದರೆ ತನ್ನನ್ನು ತಾನೇ ಸಮ್ಮೋಹನಕ್ಕೆ (ಹಿಪ್ನಾಸಿಸ್) ಒಳಪಡಿಸಿಕೊಳ್ಳುವುದು. ‘ಒಳಮನಸ್ಸನ್ನು ತಲುಪಿ ನಂಬಿಕೆ ಬದಲಿಸುತ್ತೇವೆ’ ಎಂದು ಮಾರುವ ಅದರ ಸಿದ್ಧ ಆಡಿಯೊಗಳಿಗೆ 5ಕ್ಕೆ 2. ಅದೇ ಹಂತಗಳನ್ನು ಫೋನಿನಲ್ಲಿ ಸ್ವಂತ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದರೆ 4. ಈ ವ್ಯತ್ಯಾಸ ಬರುವುದು ಎಷ್ಟು ಆಳಕ್ಕೆ ಇಳಿದಿರಿ ಎಂಬುದರಿಂದಲ್ಲ, ಅಲ್ಲಿ ಯಾವ ವಾಕ್ಯ ಕೇಳಿದಿರಿ ಎಂಬುದರಿಂದ.

ಸಾಮಾನ್ಯವಾಗಿ 25 ನಿಮಿಷದ ಒಂದು ಆಡಿಯೊದಲ್ಲಿ ಮೊದಲ ಹತ್ತು ನಿಮಿಷ ಕೇಳುಗರನ್ನು ಸಮ್ಮೋಹನಕ್ಕೆ ಇಳಿಸುವುದಕ್ಕೆ, ಮೂರ್ನಾಲ್ಕು ನಿಮಿಷ ಎಣಿಕೆ ಅಥವಾ ಮೆಟ್ಟಿಲು ಇಳಿಯುವ ಕಲ್ಪನೆಗೆ ಹೋಗುತ್ತದೆ. ಆಮೇಲೆ ಸೂಚನೆಗಳು, ಅಂದರೆ ನಂಬಿಕೆ ಬದಲಿಸಲು ಹೇಳುವ ವಾಕ್ಯಗಳು, ಕೊನೆಗೆ ಎಚ್ಚರಿಸುವ ಎಣಿಕೆ. ಮಾರುವವರು ತಮ್ಮೆಲ್ಲ ಶ್ರಮವನ್ನು ಸುರಿಯುವುದು ಮೊದಲ ಭಾಗಕ್ಕೇ: ಅಲೆಯ ಸದ್ದು, ಕೊಳಲು, ಎರಡು ಕಿವಿಗೆ ಎರಡು ಬೇರೆ ಕಂಪನ. ನಿಜಕ್ಕೂ ಅತ್ಯಂತ ಸುಲಭದ ಭಾಗ ಅದೇ. 1840ರ ದಶಕದಲ್ಲಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಬ್ರೇಡ್ ಬಳಸಿದ ದೃಷ್ಟಿ ನೆಡುವ ವಿಧಾನ ಇವತ್ತಿಗೂ ಸಾಕು. ಕಣ್ಣಿನ ಮಟ್ಟಕ್ಕಿಂತ ಮೇಲೆ ಗೋಡೆಯ ಮೇಲೊಂದು ಚುಕ್ಕೆ ಆರಿಸಿಕೊಳ್ಳಿ. ತಲೆ ಎತ್ತಬೇಡಿ, ಕಣ್ಣನ್ನಷ್ಟೇ ಎತ್ತಿ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದವಿರಲಿ. ಕಣ್ಣಿನ ಸ್ನಾಯು ತಾನಾಗಿ ದಣಿಯುತ್ತದೆ. ಆ ಹೊತ್ತಿಗೆ ಸರಿಯಾಗಿ ‘ರೆಪ್ಪೆ ಭಾರ ಆಗ್ತಾ ಇದೆ’ ಎಂಬ ಮಾತು ಕಿವಿಗೆ ಬಿದ್ದರೆ, ಹೇಳಿದ್ದು ನಿಜವಾಯಿತು ಎಂದು ಮನಸ್ಸು ಮುಂದಿನ ಮಾತಿಗೂ ತಲೆಯಾಡಿಸುತ್ತದೆ. ಸಮ್ಮೋಹನದ ಗುಟ್ಟಿನಲ್ಲಿ ಮುಕ್ಕಾಲು ಪಾಲು ಇಷ್ಟೇ.

ಇಲ್ಲೇ ಸಿದ್ಧ ಆಡಿಯೊ ಎಡವುವುದು. ಇಪ್ಪತ್ತನೇ ಸೆಕೆಂಡಿಗೇ ‘ಕಣ್ಣು ತೆರೆಯಲಾಗುತ್ತಿಲ್ಲ’ ಅನ್ನುತ್ತದೆ. ಕಣ್ಣೋ, ಆರಾಮಾಗಿ ತೆರೆದೇ ಇರುತ್ತದೆ. ಒಮ್ಮೆ ಸುಳ್ಳು ಅನ್ನಿಸಿದ ದನಿಯನ್ನು ಆಮೇಲೆ ಯಾರು ನಂಬುತ್ತಾರೆ? ಸ್ವಂತ ರೆಕಾರ್ಡಿಂಗ್‌ನಲ್ಲಿ ಆ ಮಾತಿಗೆ ಒಂದೂವರೆ ನಿಮಿಷವಾದರೂ ಕಾಯಿರಿ. ವಾಕ್ಯಕ್ಕೂ ವಾಕ್ಯಕ್ಕೂ ನಡುವೆ ಒಂದು ಪೂರ್ತಿ ಉಸಿರಿನಷ್ಟು ಬಿಡುವು ಬೇಕು. ರೆಕಾರ್ಡ್ ಮಾಡುವಾಗ ಅದು ಅತಿಯಾಯಿತು ಅನ್ನಿಸುತ್ತದೆ, ಕೇಳುವಾಗ ಸರಿಯಾಗಿರುತ್ತದೆ.

ಇನ್ನು ಭಾಷೆ. ಕನ್ನಡದಲ್ಲಿ ‘ಇಲ್ಲ’ ಬರುವುದು ವಾಕ್ಯದ ತುದಿಯಲ್ಲಿ. ‘ಸಭೆಯಲ್ಲಿ ನನ್ನ ಕೈ ನಡುಗಿ, ಗಂಟಲು ಒಣಗಿ, ಮಾತು ತಡವರಿಸುವುದಿಲ್ಲ’ ಎಂದರೆ ನಡುಕ, ಒಣಗುವಿಕೆ, ತಡವರಿಕೆ ಮೂರರ ಚಿತ್ರವೂ ಮೂಡಿ ಮುಗಿದ ಮೇಲೆ ಬಡಪಾಯಿ ‘ಇಲ್ಲ’ ಬರುತ್ತದೆ. ಆ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ‘ನಾನು ಅದ್ಭುತ ಮಾತುಗಾರ’ ಎಂಬುದೂ ಆಗದು, ಒಳಗಿನಿಂದ ‘ಹೌದಾ?’ ಎಂಬ ಕುಹಕ ತಕ್ಷಣ ಏಳುತ್ತದೆ. ನಡೆಯುವ ವಾಕ್ಯ ಹೀಗಿರುತ್ತದೆ: ‘ಮೈಕ್ ಕೈಗೆ ಬಂದಾಗ ಒಂದು ಉಸಿರು ಪೂರ್ತಿ ಹೊರಗೆ ಬಿಡ್ತೀನಿ. ಮೊದಲನೇ ಮಾತು ನಿಧಾನಕ್ಕೆ ಹೇಳ್ತೀನಿ.’ ಯಾವಾಗ, ಏನು ಎರಡೂ ಇದರಲ್ಲಿವೆ, ಮತ್ತು ನಡೆಯಿತೋ ಇಲ್ಲವೋ ಎಂದು ನೋಡಬಹುದು. ‘ನಯನಗಳನ್ನು ಮುಚ್ಚಿ ಪ್ರಶಾಂತತೆಯನ್ನು ಅನುಭವಿಸಿರಿ’ ಎಂಬ ಪ್ರವಚನದ ಕನ್ನಡ ಬೇಡವೇ ಬೇಡ. ಮನೆಯಲ್ಲಿ ಆಡುವ ಮಾತೇ ಒಳಗೆ ಇಳಿಯುವುದು. ಒಂದು ಅವಧಿಗೆ ಎರಡೋ ಮೂರೋ ವಾಕ್ಯ ಸಾಕು, ಒಂದೊಂದನ್ನೂ ನಾಲ್ಕೈದು ಸಲ ಹೇಳಿ.

ಬರೀ ಕೇಳಿದರೆ ನಂಬಿಕೆ ಕದಲುವುದಿಲ್ಲ. ಸೂಚನೆ ಕೊಟ್ಟ ಎರಡು ದಿನದೊಳಗೆ ಅದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಾದರೂ ಮಾಡಬೇಕು. ಮೂರು ಜನರ ಮುಂದೆ ಎರಡು ನಿಮಿಷ ಮಾತಾಡಿದರೂ ಆಯಿತು. ‘ನನಗೆ ಬರಲ್ಲ’ ಎಂಬುದನ್ನು ಸಡಿಲಿಸುವುದು ಆ ಎರಡು ನಿಮಿಷ. ಸಮ್ಮೋಹನ ಅದಕ್ಕೆ ಮುನ್ನಿನ ತಾಲೀಮು.

ರಾತ್ರಿಯಿಡೀ ಕಿವಿಗೆ ಹಾಕಿಕೊಂಡು ಮಲಗುವ ಎಂಟು ಗಂಟೆಯ ಫೈಲುಗಳಿಗೆ ದುಡ್ಡು ಹಾಕಬೇಡಿ. ಸಮ್ಮೋಹನ ನಿದ್ದೆಯಲ್ಲ. 1956ರಲ್ಲಿ ಸೈಮನ್ ಮತ್ತು ಎಮನ್ಸ್ ಎಂಬ ಸಂಶೋಧಕರು ಮಿದುಳಿನ ಅಲೆಗಳನ್ನು ದಾಖಲಿಸುತ್ತಾ ನೋಡಿದಾಗ, ನಿಜವಾಗಿ ನಿದ್ರಿಸುತ್ತಿದ್ದವರ ತಲೆಗೆ ಕೇಳಿಸಿದ್ದು ಹತ್ತಿರಲಿಲ್ಲ. ಊಟವಾದ ಕೂಡಲೇ ಮಲಗಿಕೊಂಡು ಕೇಳಿದರೂ ಇದೇ ಗತಿ. ಒರಗಿ ಕುಳಿತು, ಎರಡು ಬೆರಳಿನ ನಡುವೆ ಒಂದು ಕೀ ಹಿಡಿದುಕೊಳ್ಳಿ. ಬಿದ್ದು ಸದ್ದಾದರೆ ನಿದ್ದೆ ಹತ್ತಿತ್ತು ಎಂದೇ ಅರ್ಥ. ಕಿವಿಗೆ ಕೇಳಿಸದಂತೆ ಸಂದೇಶ ಹುದುಗಿಸಿದ ಟೇಪುಗಳದ್ದು ಇನ್ನೂ ತಮಾಷೆ. ಮನೋವಿಜ್ಞಾನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೆಲವರ ನೆನಪಿನ ಟೇಪಿಗೆ ಆತ್ಮಗೌರವದ ಚೀಟಿ, ಆತ್ಮಗೌರವದ್ದಕ್ಕೆ ನೆನಪಿನ ಚೀಟಿ ಅಂಟಿಸಿದ್ದರು. ಹಲವರಿಗೆ ಸುಧಾರಿಸಿದಂತೆ ಅನ್ನಿಸಿದ್ದು ಟೇಪಿನಲ್ಲಿದ್ದದ್ದಲ್ಲ, ಚೀಟಿಯಲ್ಲಿದ್ದದ್ದು!

ಎಲ್ಲರಿಗೂ ಒಂದೇ ಫಲ ಸಿಗುವುದಿಲ್ಲ. ಯಾರು ಎಷ್ಟು ಸುಲಭವಾಗಿ ಸಮ್ಮೋಹನಕ್ಕೆ ಇಳಿಯುತ್ತಾರೆ ಎಂದು ಅಳೆಯಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವೈಟ್ಸೆನ್‌ಹಾಫರ್ ಮತ್ತು ಹಿಲ್ಗಾರ್ಡ್ 1959ರಲ್ಲಿ ರೂಪಿಸಿದ ಅಳತೆಗೋಲಿನಲ್ಲಿ 12 ಸಣ್ಣ ಪರೀಕ್ಷೆಗಳಿವೆ. ಹತ್ತರಲ್ಲಿ ಒಬ್ಬರೋ ಇಬ್ಬರೋ ಬಹಳ ಸುಲಭವಾಗಿ ಇಳಿಯುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಜನ ಇಳಿಯುವುದೇ ಇಲ್ಲ. 25 ವರ್ಷದ ನಂತರ ಮತ್ತೆ ಅಳೆದಾಗಲೂ ಈ ಗುಣ ಹೆಚ್ಚು ಬದಲಾಗಿರಲಿಲ್ಲ. ಮನೆಯಲ್ಲೇ ಅಂದಾಜು ಸಿಗಬೇಕೆಂದರೆ ಕಣ್ಣು ಮುಚ್ಚಿ, ಒಂದು ಕೈ ನೇರ ಚಾಚಿ, ಅದರಲ್ಲಿ ನೀರು ತುಂಬುತ್ತಿರುವ ಬಕೆಟ್ ತೂಗುತ್ತಿದೆ ಎಂದು ಎರಡು ನಿಮಿಷ ಕಲ್ಪಿಸಿಕೊಳ್ಳಿ. ಕೈ ತಾನಾಗಿ ಒಂದು ಗೇಣು ಇಳಿದರೆ ಒಳ್ಳೆಯ ಸೂಚನೆ. ಅಲುಗದಿದ್ದರೆ ದುಬಾರಿ ಕೋರ್ಸಿಗೆ ಸೇರುವ ಮುನ್ನ ಯೋಚಿಸಿ.

‘ಬಾಲ್ಯಕ್ಕೆ ಹೋಗಿ ಬೇರನ್ನು ಕಿತ್ತು ತೆಗೆಯಿರಿ’ ಎನ್ನುವ ಆಡಿಯೊಗಳಿಗೆ ಮಾತ್ರ ಸೊನ್ನೆ. ಒಳಮನಸ್ಸು ಬೀಗ ಹಾಕಿದ ಉಗ್ರಾಣವೇನಲ್ಲ. ಸಮ್ಮೋಹನದಲ್ಲಿ ಮೂಡುವ ನೆನಪು ಹೆಚ್ಚು ವಿವರವಾಗಿ, ಹೆಚ್ಚು ಖಚಿತವಾಗಿ ಕಾಣುತ್ತದೆ; ಹೆಚ್ಚು ನಿಜವಾಗಿರುವುದಿಲ್ಲ. ಅಮೆರಿಕದ ವೈದ್ಯರ ಸಂಘ 1985ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ಭ್ರಮೆ, ಚಿತ್ತವಿಕಲತೆಯ ಹಿನ್ನೆಲೆ ಇದ್ದವರು ಇದಕ್ಕೆ ತಾವಾಗಿ ಕೈ ಹಾಕಬಾರದು. ಮೂರ್ಛೆರೋಗ ಇದ್ದರೆ ವೈದ್ಯರನ್ನು ಕೇಳಿ. ಕರುಳಿನ ಐಬಿಎಸ್ ತೊಂದರೆಗೆ ತಜ್ಞರು ಕೊಡುವ ಸಮ್ಮೋಹನ ಚಿಕಿತ್ಸೆಗೆ ಒಳ್ಳೆಯ ಆಧಾರವಿದೆ. ಸಿಗರೇಟು ಬಿಡಿಸುವುದರಲ್ಲಿ ಪುರಾವೆ ತೆಳು.

ದೀರ್ಘಕಾಲದ ಬಳಕೆಯಲ್ಲಿ ಕಾಡುವ ದೊಡ್ಡ ತೊಂದರೆ ಬೇಸರ. ಒಂದೇ ಫೈಲನ್ನು ತಿಂಗಳುಗಟ್ಟಲೆ ಕೇಳಿದರೆ ಮುಂದಿನ ಮಾತು ಬಾಯಿಪಾಠವಾಗಿ, ಮನಸ್ಸು ಸಂತೆಗೆ ಹೊರಡುತ್ತದೆ. ಮೂರು ವಾರಕ್ಕೊಮ್ಮೆ ಸೂಚನೆಯ ವಾಕ್ಯ ಬದಲಿಸಿ, ಇಳಿಯುವ ಭಾಗದ ಕ್ರಮವನ್ನು ಹಾಗೇ ಇಟ್ಟು ಅದರ ಹೊತ್ತನ್ನಷ್ಟೇ ಮೊಟಕು ಮಾಡುತ್ತಾ ಬನ್ನಿ. ಹೊತ್ತಿಗೆ ಸರಿಯಾಗಿ ದಿನಾ ಕೂತರೆ ಹತ್ತು ನಿಮಿಷದ ಕೆಲಸ ಮೂರು ನಿಮಿಷಕ್ಕೆ ಇಳಿಯುತ್ತದೆ. ಆದರೆ 1ರಿಂದ 5ರವರೆಗಿನ ಎಚ್ಚರಿಸುವ ಎಣಿಕೆಯನ್ನು ಮಾತ್ರ ಕತ್ತರಿಸಬೇಡಿ. ನಡುವೆ ಫೋನ್ ಬಂದು ನಿಂತರೂ ಅದನ್ನು ಬಾಯಲ್ಲೇ ಎಣಿಸಿ, ಕೈಕಾಲು ಜಾಡಿಸಿ, ಗಟ್ಟಿಯಾಗಿ ನಿಮ್ಮ ಹೆಸರು ಹೇಳಿಕೊಂಡು ಏಳಿ. ಇಲ್ಲದಿದ್ದರೆ ಸ್ವಲ್ಪ ಹೊತ್ತು ತಲೆ ಮಂಜು ಕವಿದಂತಿರಬಹುದು, ಆ ಸ್ಥಿತಿಯಲ್ಲಿ ಗಾಡಿ ಓಡಿಸಬಾರದು.