ಮನೆಯ ಮುಂಭಾಗದ ನವೀಕರಣ: ಒಂದು ಮಳೆಗಾಲ ಕಳೆದ ಮೇಲೆ

ಕೊಡಗಿನ ಮೂರ್ನಾಡಿನ ಬಳಿ ಇರುವ ನಮ್ಮ ಮನೆಯ ಮುಂಭಾಗವನ್ನು ಕಳೆದ ಫೆಬ್ರವರಿ ಮತ್ತು ಮಾರ್ಚ್ ತಿಂಗಳಲ್ಲಿ ಸ್ಥಳೀಯ ಗುತ್ತಿಗೆದಾರರೊಬ್ಬರ ತಂಡಕ್ಕೆ ವಹಿಸಿ ಹೊಸದಾಗಿ ಮಾಡಿಸಿದೆವು. ಕೆಲಸ ಮುಗಿದ ವಾರದಲ್ಲೇ ಅವರು ಅಭಿಪ್ರಾಯ ಬರೆದುಕೊಡಿ ಎಂದು ಕೇಳಿದ್ದರು. ಕೊಡಗಿನಲ್ಲಿ ಗೋಡೆಯ ಗುಣವನ್ನು ಬೇಸಿಗೆಯಲ್ಲಿ ಹೇಳಲಾಗದು ಎಂದು ನಾನು ಅಕ್ಟೋಬರ್‌ವರೆಗೆ ಸುಮ್ಮನಿದ್ದೆ. ತಂಡದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಲಿರುವ ದೋಷಗಳು ಇಂಥ ಕೆಲಸ ಒಪ್ಪಿಕೊಳ್ಳುವ ಹಲವರಲ್ಲಿ ಕಾಣುವಂಥವೇ.

ನಮ್ಮದು ತೊಂಬತ್ತರ ದಶಕದ ತಾರಸಿ ಮನೆ. ಅದರ ಮುಖ ಪಶ್ಚಿಮಕ್ಕಿದ್ದು, ಕಿಟಕಿಗಳ ಮೇಲಿನ 2 ಅಡಿಯ ಸಜ್ಜಾ ಬಿಟ್ಟರೆ ಗೋಡೆಗೆ ಬೇರೆ ಮರೆಯಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ; ನಮ್ಮ ಕಡೆ ಅಷ್ಟಿಲ್ಲದಿದ್ದರೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಮಳೆಯನ್ನು ಅಡ್ಡಲಾಗಿ ತಂದು ಬಡಿಯುವಾಗ ಇಂಥ ಗೋಡೆ ಆಗಸ್ಟ್ ಹೊತ್ತಿಗೆ ಹಸಿರಾಗಿ, ಮರುವರ್ಷ ಕಪ್ಪಾಗುತ್ತದೆ. ಕೊಡವ ಮನೆತನಗಳ ಮೂಲಮನೆಗಳಾದ ಹಳೆಯ ಐನ್‌ಮನೆಗಳ ಕೈಯಾಲೆಯಲ್ಲಿ, ಅಂದರೆ ಮುಂಜಗಲಿಯಲ್ಲಿ, ಕಂಬಗಳ ನಡುವಿನ ಐಮರದ ಹಲಗೆಯ ಮೇಲೆ ಕುಳಿತು ಮಳೆ ನೋಡಿದವರಿಗೆ ಗೊತ್ತು, ಅಲ್ಲಿ ಎತ್ತರದ ಜಗಲಿ ಮತ್ತು ಮುಂದಕ್ಕೆ ಚಾಚಿದ ಮಾಡು ನೀರನ್ನು ಗೋಡೆಯ ಹತ್ತಿರಕ್ಕೇ ಬಿಡುವುದಿಲ್ಲ.

ಆದ್ದರಿಂದ ಜಗಲಿಯ ಮುಂದೆ ಹೆಂಚಿನ ಮಾಡು ಬೇಕೆಂದು ನಾವೇ ಕೇಳಿದೆವು, ಮತ್ತು ಇಡೀ ಕೆಲಸದಲ್ಲಿ ಅತ್ಯುತ್ತಮವಾಗಿ ಬಂದಿರುವುದು ಅದೇ. ಕಬ್ಬಿಣದ ಚೌಕಟ್ಟಿನ ಮೇಲೆ ಮಂಗಳೂರು ಹೆಂಚು ಹೊದಿಸಿ, ಅದು 4 ಅಡಿ ಮುಂದಕ್ಕೆ ಬರುವಂತೆ ಮಾಡಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ತಯಾರಾಗುತ್ತಿರುವ ಈ ಹೆಂಚಿನ ಜೋಡಣೆಯೆಲ್ಲ ಇಳಿಜಾರನ್ನೇ ನಂಬಿದೆ. ಇಳಿಜಾರು ಕಡಿಮೆಯಾದರೆ ನೀರು ಗಾಳಿಯ ಒತ್ತಡಕ್ಕೆ ಹಿಂದೆ ಸರಿದು ಹೆಂಚಿನಡಿಗೆ ನುಗ್ಗುತ್ತದೆ. ಚೌಕಟ್ಟು ನಿಂತ ದಿನ ವಯಸ್ಸಾದ ಮೇಸ್ತ್ರಿಯೊಬ್ಬರು ನಾಲ್ಕು ಸಾಲು ಹೆಂಚನ್ನು ಸುಮ್ಮನೆ ಇಟ್ಟು, ಏಣಿ ಹತ್ತಿ ಒಂದು ಕೊಡಪಾನ ನೀರನ್ನು ನಿಧಾನವಾಗಿ ಸುರಿದರು. ಮೂರನೆಯ ಸಾಲಿನ ಸಂದಿನಲ್ಲಿ ನೀರು ಒಂದು ಕ್ಷಣ ತಡೆದು ನಿಂತದ್ದನ್ನು ಕಂಡು, ಯಾರೂ ಹೇಳದೆಯೇ ಹಿಂಬದಿಯ ಆಧಾರವನ್ನು ಅರ್ಧ ಅಡಿ ಏರಿಸಿದರು. ಈ ಮಳೆಗಾಲದಲ್ಲಿ ಜಗಲಿಗೆ ಮೇಲಿನಿಂದ ಒಂದು ಹನಿಯೂ ಬಿದ್ದಿಲ್ಲ.

ಬಣ್ಣದ ಕೆಲಸಕ್ಕೆ ಇದೇ ಮಾತನ್ನು ಹೇಳಲಾರೆ. ಪಾಚಿಯನ್ನು ಒತ್ತಡದ ನೀರಿನಿಂದ ತೊಳೆದರು. ಮೇಲ್ನೋಟಕ್ಕೆ ಗೋಡೆ ಶುಭ್ರವಾಯಿತು. ಆದರೆ ಸಾರಣೆಯ ಸಣ್ಣ ರಂಧ್ರಗಳಲ್ಲಿ ಉಳಿಯುವ ಪಾಚಿ ಸಾಯಬೇಕಾದರೆ ಬ್ಲೀಚಿಂಗ್ ಪುಡಿಯ ದ್ರಾವಣ ಅಥವಾ ಪಾಚಿನಾಶಕವನ್ನು ಹಚ್ಚಿ, ಗೋಡೆಯನ್ನು ಮತ್ತೆ ತೊಳೆದು, ಚೆನ್ನಾಗಿ ಒಣಗಲು ಬಿಡಬೇಕು. ಇವರು ಆ ಹಂತವನ್ನು ಬಿಟ್ಟರು. ಅಷ್ಟರಲ್ಲಿ ಕಾಫಿ ಗಿಡದಲ್ಲಿ ಹೂ ಅರಳಿಸುವ ಬೇಸಿಗೆಯ ಹೂಮಳೆಯೂ ಬಂತು. ಕಾಫಿಗೆ ಅದು ಬೇಕೇ ಬೇಕು, ತೋಟದವರಾದ ನಾವು ದೂರುವ ಹಾಗಿಲ್ಲ. ಆದರೆ ಮಳೆ ನಿಂತ ಎರಡೇ ದಿನಕ್ಕೆ ಪುಟ್ಟಿ ಎಳೆದದ್ದು ತಪ್ಪು. ಜುಲೈ ಕೊನೆಗೆ ನೈಋತ್ಯ ಮೂಲೆಯಲ್ಲಿ ಬಣ್ಣ ಅಂಗೈಯಗಲದ ಗುಳ್ಳೆಗಳಾಗಿ ಎದ್ದಿತು. ಒಂದನ್ನು ಬೆರಳಿನಿಂದ ಒತ್ತಿದಾಗ ಒಳಗಿನಿಂದ ನೀರು ಜಿನುಗಿತು.

ಇದಕ್ಕಿಂತ ನನಗೆ ಬೇಸರ ತಂದದ್ದು ಗೋಡೆಯ ಕೆಳಭಾಗ. ಮಾಡಿನ ಅಂಚಿಗೆ ಮಳೆನೀರು ಹಿಡಿದು ಹರಿಸುವ ದೋಣಿ ಕಟ್ಟುವುದು ಅವರ ಅಂದಾಜುಪಟ್ಟಿಯಲ್ಲೇ ಇರಲಿಲ್ಲ, ನಾವೂ ಗಮನಿಸಲಿಲ್ಲ. ಹೆಂಚಿನಿಂದ ಧುಮುಕಿದ ನೀರು ಅಂಗಳದ ಕೆಂಪು ಮಣ್ಣನ್ನು ಎಬ್ಬಿಸಿ, ಅವರು ಬಹಳ ಮುತುವರ್ಜಿಯಿಂದ ಆರಿಸಿದ್ದ ಹಾಲುಬಿಳಿಯ ಬಣ್ಣದ ಮೇಲೆ ಮೊಣಕಾಲೆತ್ತರದವರೆಗೆ ಸಿಡಿಸಿತು. ಮುಂದಿನ ಗೋಡೆ, ಜಗಲಿಯ ಕಟ್ಟೆ, ಗೇಟಿನ ಕಂಬ, ಯಾವುದನ್ನೂ ಅದು ಬಿಡಲಿಲ್ಲ. ತಳಕ್ಕೆ ಬೂದು ಅಥವಾ ಕಾವಿ ಬಣ್ಣದ ಪಟ್ಟಿ ಬಳಿಯುವುದು ನಮ್ಮ ಹಿರಿಯರಿಗೆ ಬರಿಯ ಅಲಂಕಾರವಾಗಿರಲಿಲ್ಲ. ಸೆಪ್ಟೆಂಬರ್‌ನಲ್ಲಿ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಕಳೆದ ಮೇಲೆ, ನಾನೇ ತಗಡಿನ ದೋಣಿ ಹಾಕಿಸಿ, ನೀರು ಬೀಳುವಲ್ಲಿ ಒಂದೂವರೆ ಅಡಿ ಅಗಲಕ್ಕೆ ಜಲ್ಲಿ ಸುರಿಸಿದೆ. ಆ ಬಳಿಕ ಕೆಸರು ಸಿಡಿದಿಲ್ಲ.

ಉಳಿದ ಕೆಲಸಗಳಲ್ಲಿ ಕಾಲುದಾರಿಗೆ ಪೂರ್ಣ ಅಂಕ ಕೊಡಬಹುದು. ಹೊಳಪಿನ ಗ್ರಾನೈಟ್ ಬೇಡವೆಂದು ಅವರೇ ಹೇಳಿ, ಬೆಂಕಿಯಿಂದ ಮೇಲ್ಮೈಯನ್ನು ಒರಟು ಮಾಡಿದ ಕಲ್ಲನ್ನು ಹಾಸಿದರು. ಮಳೆಯಲ್ಲಿ ನಮ್ಮ ಅತ್ತೆಯವರು ಕೈ ಹಿಡಿಯುವವರಿಲ್ಲದೆ ಗೇಟಿನವರೆಗೆ ನಡೆದುಹೋಗುತ್ತಾರೆ. ಬಾಗಿಲಿನ ಅಕ್ಕಪಕ್ಕ ಅಂಟಿಸಿದ ಕಲ್ಲಿನ ಬಿಲ್ಲೆಗಳು ನೋಡಲು ಚೆಂದವಿದ್ದರೂ, ಹಿಂದೆ ನೀರು ಸೇರಿ ಸಿಮೆಂಟಿನ ಉಪ್ಪು ಹೊರಬಂದು ಬಿಳಿ ಗೆರೆಗಳಾಗಿವೆ; ಮೇಲಂಚನ್ನು ಮುಚ್ಚಿದ್ದರೆ ಸಾಕಿತ್ತು. ದೀಪದ ವಿಷಯ ಹೇಳದಿರುವುದೇ ಲೇಸು. ಕಣ್ಣು ಕೋರೈಸುವ ಬಿಳಿ ಎಲ್‌ಇಡಿ ಹಾಕಿದ್ದರು. ಮೊದಲ ಮಳೆಯ ಸಂಜೆ ಈಸಲು ಹುಳುಗಳೆಲ್ಲ ನಮ್ಮ ಹೊಸ ಗೋಡೆಗೇ ಬಂದವು, ಮರುದಿನ ರೆಕ್ಕೆಗಳನ್ನು ಮೊರದಲ್ಲಿ ಗೋರಿದೆವು. ಈಗ ಹಳದಿ ಬಲ್ಬು ಇದೆ.

ಗಿಡಗಳ ಆಯ್ಕೆ ಅವರದೇ. ಬೋಗನ್‌ವಿಲ್ಲಾ ಕುಂಡದಲ್ಲಿ ನೀರು ನಿಂತು ಎಲೆ ಉದುರಿಸಿಕೊಂಡಿತು, ಜರೀಗಿಡಗಳು ಸೊಂಪಾಗಿ ಬೆಳೆದವು. ಹೈಡ್ರೇಂಜಿಯಾವನ್ನು ಮಾತ್ರ ನಾನು ದಿನವೂ ನಿಂತು ನೋಡುತ್ತೇನೆ. ನಮ್ಮ ಹುಳಿ ಮಣ್ಣಿನಲ್ಲಿ ಅದು ನೀಲಿ ಹೂ ಬಿಡುವುದು ಸಹಜ. ಗೇಟಿನ ಬಳಿಯ ಗಿಡ ಹಾಗೆಯೇ ಬಿಟ್ಟಿದೆ. ಗೋಡೆಗೆ ತಾಗಿದ ಗಿಡಕ್ಕೆ ಸಿಮೆಂಟಿನ ಸುಣ್ಣ ಇಳಿದು, ಮಣ್ಣಿನ ಹುಳಿ ತಗ್ಗಿ, ಹೂ ಗುಲಾಬಿ ಬಣ್ಣಕ್ಕೆ ತಿರುಗಿದೆ. ಗುತ್ತಿಗೆದಾರರು ಎರಡು ಬಗೆಯ ಸಸಿ ತಂದದ್ದಾಗಿ ಹೇಳಿಕೊಳ್ಳುತ್ತಾರೆ. ಸಸಿ ಒಂದೇ ಬಗೆಯದು, ಬುಟ್ಟಿಯಿಂದ ಇಳಿಸಿದವನು ನಾನೇ.

ಗುಳ್ಳೆ ಎದ್ದ ಮೂಲೆಯನ್ನು ಹಣ ಕೇಳದೆ ಸರಿಪಡಿಸಲು ಅವರು ಒಪ್ಪಿದ್ದಾರೆ. ಕಾಫಿ ಕೊಯ್ಲು ಮುಗಿದು ಆಳುಗಳು ಸಿಗುವ ಹೊತ್ತಿಗೆ ಗೋಡೆಯೂ ಒಣಗಿರುತ್ತದೆ. ಆಗ ಬರಲು ಹೇಳಿದ್ದೇನೆ. ಹಿಂಬದಿಯ ಜಗಲಿಗೂ ಹೆಂಚಿನ ಮಾಡು ಮಾಡಿಸಬೇಕಾಗಿದ್ದು, ಅದನ್ನು ಇವರಿಗೇ ಕೊಡುತ್ತೇನೆ, ಆ ಮೇಸ್ತ್ರಿ ಬರುವುದಾದರೆ.